ಸಬ್ಸಿಡಿ ಸಿಗೋದು ನಿಜ, ಆದ್ರೆ ಕೈಗಲ್ಲ: ಉದ್ಯಮ ಶುರು ಮಾಡೋ ಪದವೀಧರರು ತಿಳಿಯಬೇಕಾದ ಲೆಕ್ಕ

ಹಿರಿಯೂರು: ಡಿಗ್ರಿ ಮುಗಿಸಿ ಬೆಂಗಳೂರು ಬಸ್ ಹತ್ತೋ ಬದಲು ಊರಲ್ಲೇ ಏನಾದ್ರೂ ಮಾಡೋಣ ಅನ್ನೋರ ಕಿವಿಗೆ ಮೊದಲು ಬೀಳೋ ಮಾತು ಸಬ್ಸಿಡಿ. ಆ ದುಡ್ಡನ್ನೇ ಬಂಡವಾಳ ಅಂತ ನಂಬಿ ಮಳಿಗೆಗೆ ಅಡ್ವಾನ್ಸ್ ಕೊಟ್ಟರೆ ಎಡವಟ್ಟಾಗೋದು ಖಚಿತ.

2008ರಿಂದ ನಡೆಯುತ್ತಿರುವ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಯೋಜನೆ, ಅಂದ್ರೆ ಪಿಎಂಇಜಿಪಿಯನ್ನೇ ನೋಡಿ. ಬಬ್ಬೂರಿನ ಯುವತಿಯೊಬ್ಬರು 10 ಲಕ್ಷ ರೂಪಾಯಿಯ ಶೇಂಗಾ ಎಣ್ಣೆ ಗಾಣ ಹಾಕ್ತಾರೆ ಅಂದುಕೊಳ್ಳಿ. ಗ್ರಾಮೀಣ ಭಾಗದ ಮಹಿಳೆಗೆ ಸಬ್ಸಿಡಿ ಶೇ 35, ಅಂದ್ರೆ 3.5 ಲಕ್ಷ. ಸ್ವಂತ ದುಡ್ಡು ಶೇ 5, ಅಂದ್ರೆ 50 ಸಾವಿರ. ಆದರೆ ಬ್ಯಾಂಕ್ ಮಂಜೂರು ಮಾಡೋದು 9.5 ಲಕ್ಷ ಸಾಲ. ಸಬ್ಸಿಡಿಯ 3.5 ಲಕ್ಷ ಮೂರು ವರ್ಷ ಅವರ ಹೆಸರಲ್ಲಿ ಬ್ಯಾಂಕಿನಲ್ಲೇ ಠೇವಣಿಯಾಗಿ ಕೂತಿರುತ್ತೆ. ಅದಕ್ಕೆ ಬಡ್ಡಿ ಬರಲ್ಲ, ಸಾಲದಲ್ಲಿ ಅಷ್ಟು ಭಾಗಕ್ಕೆ ಬಡ್ಡಿ ಹಾಕೋದೂ ಇಲ್ಲ. ಗಾಣ ನಡೀತಿದೆಯಾ ಅಂತ ಸ್ಥಳಕ್ಕೆ ಬಂದು ನೋಡಿದ ಮೇಲೆ ಅದು ಸಾಲಕ್ಕೆ ಜಮೆ. ನಡುವೆ ಬಾಗಿಲು ಹಾಕಿದರೆ ಸಬ್ಸಿಡಿ ಕೈತಪ್ಪಿ ಪೂರ್ತಿ ಸಾಲ ತಲೆ ಮೇಲೆ ಬೀಳಬಹುದು.

ಅಂಗಡಿಯವರಿಗೆ ಹೇಳಬೇಕಿಲ್ಲ, ನಮ್ಮ ಕಡೆ ವ್ಯಾಪಾರ ಅಂದ್ರೆ ಉದ್ರಿ. ಬೆಳೆ ಕೈಗೆ ಬಂದ ಮೇಲೆ ಕೊಡ್ತೀನಿ ಅಂದವರಿಗೆ ಇಲ್ಲ ಅನ್ನೋಕಾಗಲ್ಲ, ಬ್ಯಾಂಕಿನ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತೆ. ಆ ಉದ್ರಿ ತಡೆದುಕೊಳ್ಳೋಕೆ ಕೈಯಲ್ಲಿ ಬೇರೆ ದುಡ್ಡು ಇರಲೇಬೇಕು. ಯೋಜನಾ ವರದಿ ಬರೆಸುವಾಗ ಎಲ್ಲವನ್ನೂ ಯಂತ್ರಕ್ಕೇ ಹಾಕದೆ ದುಡಿಯುವ ಬಂಡವಾಳವನ್ನೂ ಸೇರಿಸಬೇಕು.

ಇನ್ನೊಂದು ಮಾತು. ಪಿಎಂಇಜಿಪಿಗೆ ಡಿಗ್ರಿ ಬೇಕಾಗೇ ಇಲ್ಲ. ತಯಾರಿಕಾ ಘಟಕ 10 ಲಕ್ಷ ಮೀರಿದರೆ ಎಂಟನೇ ಕ್ಲಾಸು ಪಾಸಾಗಿದ್ದರೆ ಸಾಕು. ಓದಿಗೆ ಬೆಲೆ ಇರೋದು 2002ರಲ್ಲಿ ಶುರುವಾದ ಕೃಷಿ ಚಿಕಿತ್ಸಾಲಯ ಮತ್ತು ಕೃಷಿ ವ್ಯವಹಾರ ಕೇಂದ್ರ ಯೋಜನೆಯಲ್ಲಿ. ಕೃಷಿ, ತೋಟಗಾರಿಕೆ ಓದಿದವರಿಗೆ 45 ದಿನ ಉಚಿತ ತರಬೇತಿ, ಒಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ ಶೇ 36 ಸಬ್ಸಿಡಿ, ಮಹಿಳೆಯರು ಮತ್ತು ಪರಿಶಿಷ್ಟರಿಗೆ ಶೇ 44. ಇದೂ ಕೊನೆಯಲ್ಲಿ ಸಾಲಕ್ಕೇ ಜಮೆ.

ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ ಪಡೆಯುತ್ತಿರುವ ಪದವೀಧರರು ಇದನ್ನೂ ಗಮನಿಸಬೇಕು: ಬ್ಯಾಂಕ್ ಸಾಲ ಪಡೆದು ಸ್ವಂತ ಉದ್ಯೋಗ ಶುರು ಮಾಡಿದರೆ ಆ ಭತ್ಯೆಗೆ ಅರ್ಹತೆ ಇರಲ್ಲ.

ಪಿಎಂಇಜಿಪಿ ಅರ್ಜಿಯನ್ನು ಆನ್‌ಲೈನ್‌ನಲ್ಲಿ ಹಾಕಬೇಕು. ಚಿತ್ರದುರ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಕೃಷಿಗೆ ಸಂಬಂಧಿಸಿದ ಉದ್ಯಮವಾದರೆ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರ ಹತ್ತಿರದಲ್ಲೇ ಇದೆ. ಮಂಜೂರು ಮಾಡಿಸಿಕೊಡ್ತೀವಿ ಅಂತ ಕಮಿಷನ್ ಕೇಳೋರಿಗೆ ದುಡ್ಡು ಕೊಡಬೇಡಿ, ಈ ಯೋಜನೆಗೆ ಏಜೆಂಟರು ಅಂತ ಯಾರೂ ಇಲ್ಲ.