ಮನೆತನವನ್ನೇ ಬಲ್ಲ ವೈದ್ಯ

1809ರಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ, ಸಿಪಾಯಿಗಳ ಬೆನ್ನಿಗೆ ಬಂದ ವರ್ತಕರೂ ದರ್ಜಿಗಳೂ ಅಡಿಗೆಯವರೂ ಕಟ್ಟಿಕೊಂಡ, ತಮಿಳು, ದಖನಿ, ತೆಲುಗು, ಕನ್ನಡಗಳು ಒಂದೇ ಜಗಲಿಯಲ್ಲಿ ಕಲೆಯುವ ಈ ಪ್ರದೇಶದಲ್ಲಿ, ಬೌರಿಂಗ್ ಆಸ್ಪತ್ರೆಯಷ್ಟೇ ಜನರ ಬಾಳಿಗೆ ಹತ್ತಿರವಾದ ಮತ್ತೊಂದು ಸಂಸ್ಥೆಯೆಂದರೆ ಮನೆವೈದ್ಯರ ಚಿಕಿತ್ಸಾಲಯ. ಎರಡು ಬೆಂಚು, ಪರದೆಯ ಹಿಂದೊಂದು ಮಂಚ, ಹಿಂದಿನ ಕಾಲದಲ್ಲಾದರೆ ಸೀಸೆಗೆ ಅಳತೆಯ ಕಾಗದಪಟ್ಟಿ ಅಂಟಿಸಿ ಮಿಕ್ಸ್ಚರು ಬೆರೆಸಿಕೊಡುವ ಕಾಂಪೌಂಡರು: ಅದರ ಐಶ್ವರ್ಯವೆಲ್ಲ ಇಷ್ಟೇ. ತಾಯಿಯ ಬಾಣಂತನವನ್ನು ಬಲ್ಲ ವೈದ್ಯರೇ ಮಗಳ ರಕ್ತಹೀನತೆಯನ್ನೂ ನೋಡುವಾಗ ದೊರೆಯುವ ತಿಳಿವಳಿಕೆ ಯಾವ ಪರೀಕ್ಷಾಲಯದ ವರದಿಯಲ್ಲಿಯೂ ದೊರೆಯತಕ್ಕುದಲ್ಲ.

ಶಿವಾಜಿನಗರದಲ್ಲಿ ರಂಜಾನ್ ಸಮೀಪಿಸುವ ದಿನಗಳನ್ನೇ ತೆಗೆದುಕೊಳ್ಳಿ. ಮಧುಮೇಹವುಳ್ಳ ಹಿರಿಯರೊಬ್ಬರು ಉಪವಾಸವನ್ನು ಸಂಕಲ್ಪಿಸಿ ಬಂದಾಗ, ಅವರ ಶ್ರದ್ಧೆಯನ್ನು ರೋಗಲಕ್ಷಣದಂತೆ ಕಾಣದೆ, ಮೂತ್ರಪಿಂಡಗಳ ಸ್ಥಿತಿಯನ್ನೂ ಹಿಂದೆ ಸಕ್ಕರೆ ಕುಸಿದ ಸಂದರ್ಭಗಳನ್ನೂ ನೆನೆದು, ಉಪವಾಸ ಅಪಾಯಕರವಾದರೆ ವಿನಯದಿಂದಲೇ ಬೇಡವೆಂದು ಹೇಳಿ, ಇಲ್ಲವಾದರೆ ಮಾತ್ರೆ, ಇನ್ಸುಲಿನ್‌ಗಳ ಹೊತ್ತನ್ನೂ ಪ್ರಮಾಣವನ್ನೂ ನಸುಕಿನ ಸಹರಿ, ಸಂಜೆಯ ಇಫ್ತಾರ್‌ಗಳಿಗೆ ಹೊಂದಿಸಿ, ಬೆವರು ನಡುಕಗಳು ಕಂಡೊಡನೆ ಉಪವಾಸ ಮುರಿಯಬೇಕೆಂದು ಮನೆಯ ಸೊಸೆಗೂ ತಿಳಿಸಿಕೊಡುವುದು ಮನೆವೈದ್ಯರ ಕೆಲಸ. ಕೃಷ್ಣರಾಜಪುರದ ಕಡೆ, 1948ರಲ್ಲಿ ಸ್ಥಾಪಿತವಾದ ದೂರವಾಣಿ ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗಳಲ್ಲಿ, ಇದೇ ವಿವೇಕವು ಪಾಳಿಕೆಲಸದವನ ಊಟ ನಿದ್ರೆಗಳನ್ನು ವಿಚಾರಿಸುವ ರೂಪವನ್ನು ತಾಳುತ್ತದೆ.

ರೋಗವು ದೇಹದೊಳಗೆ ಮಾತ್ರವಲ್ಲದೆ ಮನೆಯಲ್ಲಿಯೂ ಬೀದಿಯಲ್ಲಿಯೂ ವಾಸಿಸುವುದೆಂಬುದನ್ನು 1898ರ ಪ್ಲೇಗು ಈ ನಗರಕ್ಕೆ ಕಠೋರವಾಗಿ ಕಲಿಸಿತು. ಫ್ರೇಜರ್ ಟೌನಿನಂತಹ ಬಡಾವಣೆ ಹುಟ್ಟಿದ್ದು ಆ ಪಾಠದಿಂದಲೇ. ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿದ ಚರಕಸಂಹಿತೆಗೆ ಈ ಪಾಠ ಹೊಸದಾಗಿರಲಿಲ್ಲ. ಲಂಡನ್ನಿನ ಸಾಮಾನ್ಯ ವೈದ್ಯರೊಡನೆ ವಾರವಾರವೂ ಕುಳಿತು ಚರ್ಚಿಸಿದ ಮೈಕೆಲ್ ಬಾಲಿಂಟ್, 1957ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವೈದ್ಯನೇ ಅತ್ಯಂತ ಹೆಚ್ಚಾಗಿ ಬಳಕೆಯಾಗುವ ಔಷಧವೆಂದು ಪ್ರತಿಪಾದಿಸಿದರು. ನಮ್ಮವರೇ ಆದ ಡಾ. ಎಂ. ಶಿವರಾಂ, ಅಂದರೆ ‘ಕೊರವಂಜಿ’ ಹಾಸ್ಯಪತ್ರಿಕೆಯ ರಾಶಿ, ವೈದ್ಯವೃತ್ತಿಯ ನಡುವೆಯೇ ಮನಸ್ಸಿನ ವ್ಯಾಪಾರಗಳನ್ನು ಪರಿಶೀಲಿಸಿ ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ನಾಡಿಯನ್ನು ಹಿಡಿದ ಕೈ ಮನಸ್ಸಿನ ಕ್ಲೇಶವನ್ನೂ ಅರಿಯಬೇಕೆಂಬ ಅವರ ನಿಷ್ಠೆ ಕನ್ನಡಿಗರು ಹೆಮ್ಮೆಯಿಂದ ಸ್ಮರಿಸತಕ್ಕದ್ದು.

ಇಂದು ಇಂದಿರಾನಗರದ ಒಂದೇ ರಸ್ತೆಯಲ್ಲಿ ಹೃದಯಕ್ಕೊಬ್ಬರು, ಮಂಡಿಗೊಬ್ಬರು, ಚರ್ಮಕ್ಕೊಬ್ಬರು ತಜ್ಞರು ದೊರೆಯುತ್ತಾರೆ. ಅವರ ವಿದ್ಯೆ ಪ್ರಾಣ ಉಳಿಸುವಂತಹುದು. ಅದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಆದರೆ ವೃದ್ಧರೊಬ್ಬರು ನಾಲ್ಕು ಚೀಟಿಗಳ ಮಾತ್ರೆಗಳನ್ನು ಒಂದೇ ಚೀಲದಲ್ಲಿ ತುಂಬಿಕೊಂಡು ಬಂದಾಗ, ಅವುಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಎರಡು ಕಂಪನಿಗಳ ಹೆಸರಿನಲ್ಲಿ ಒಂದೇ ನೋವಿನ ಮಾತ್ರೆ ಸೇರಿಕೊಂಡಿರುವುದನ್ನು ಗುರುತಿಸಿ, ಮೂತ್ರಪಿಂಡಕ್ಕೆ ಕೇಡಾಗುವ ಮೊದಲೇ ಅದನ್ನು ನಿಲ್ಲಿಸಿ, ಬೆಳಗ್ಗೆ ಯಾವುದು, ರಾತ್ರಿ ಯಾವುದು ಎಂದು ಅವರದೇ ಭಾಷೆಯಲ್ಲಿ ಬರೆದುಕೊಡುವವರು ಒಬ್ಬರಿರಲೇಬೇಕು. ಆ ಸ್ಥಾನವನ್ನು ಮನೆವೈದ್ಯರಲ್ಲದೆ ಬೇರಾರೂ ತುಂಬಲಾರರು.