ಏಳು ಆಟಗಳ ಹಾದಿ

ಕಳೆದ ಚಳಿಗಾಲದ ಒಂದು ಸಂಜೆ. ಸೇಡಂನ ಮೈದಾನದಲ್ಲಿ ಸುತ್ತಲಿನ ಕಾಲೇಜುಗಳ ಕ್ರೀಡಾಕೂಟವು ಮುಗಿದು, ಬಹುಮಾನಗಳ ಹಂಚಿಕೆಯೂ ಆಗಿ, ಶಾಮಿಯಾನದವರು ಕಂಬಗಳನ್ನು ಕೀಳುತ್ತಿದ್ದರು. ಕನ್ನಡ ಪಾಠ ಹೇಳುವವನಿಗೆ ಅಲ್ಲಿ ಏನು ಕೆಲಸವೆಂದು ಓದುಗರು ಕೇಳಬಹುದು. ನಮ್ಮ ದೈಹಿಕ ಶಿಕ್ಷಣದ ಅಧ್ಯಾಪಕರು ಜ್ವರದಿಂದ ಮಲಗಿದ್ದರು. ಹುಡುಗರೊಡನೆ ಹೋಗಿಬರಲು ಹಿರಿಯರೊಬ್ಬರು ಬೇಕಾಗಿತ್ತು. ಅಧ್ಯಾಪಕರಲ್ಲಿ ಕಿರಿಯವನಾದ ನನ್ನ ಕೊರಳಿಗೆ ಆ ಹಿರಿತನವು ಬಿದ್ದಿತು.

ಆ ದಿನ ಎಲ್ಲರ ಬಾಯಲ್ಲಿಯೂ ಇದ್ದುದು ನಮ್ಮ ಶಹಾಬಾದಿನ ಹುಡುಗನೊಬ್ಬನ ಮಾತು. ಹೆಸರು ಬೇಡ, ಅವನಿಗೆ ಇನ್ನೂ ಹತ್ತೊಂಬತ್ತು ತುಂಬಿಲ್ಲ. ಬೆಳಿಗ್ಗೆ 400 ಮೀಟರ್ ಓಟದಲ್ಲಿ ಮೊದಲಿಗನಾದನು. ಮಧ್ಯಾಹ್ನ ಕಬಡ್ಡಿಯಲ್ಲಿ ಎದುರಾಳಿಗಳ ಕೈಯಿಂದ ಮೀನಿನಂತೆ ನುಣುಚಿದನು. ವಾಲಿಬಾಲಿನಲ್ಲಿ ಬಲೆಯ ಮೇಲಕ್ಕೆ ಎದ್ದಾಗ ಮತ್ತೆ ಇಳಿಯುವುದನ್ನೇ ಮರೆತವನಂತೆ ಕಂಡನು. ಉದ್ದ ಜಿಗಿತಕ್ಕೆ ಬರಬೇಕಾಗಿದ್ದವನ ಕಾಲು ಉಳುಕಿದ್ದರಿಂದ ಕೊನೆಯ ಗಳಿಗೆಯಲ್ಲಿ ಇವನನ್ನೇ ನಿಲ್ಲಿಸಿದೆವು. ಬರಿಗಾಲಿನಲ್ಲಿ ಓಡಿ ಬಂದು ಹಾರಿ ಎರಡನೆಯವನಾದನು.

"ಇವ ನಮ್ಮ ಎಬಿಡಿ ಇದ್ದಂಗ್ರಿ ಸರ್! ಏನ್ ಹಿಡದ್ರೂ ಬರ್ತದ ಇವಂಗ" ಎಂದು ಚಿತ್ತಾಪುರದ ಹುಡುಗನು ಕೂಗಿದನು. ಚರ್ಚೆಯು ಹುಟ್ಟಿದ್ದು ಅಲ್ಲಿ.

ದಕ್ಷಿಣ ಆಫ್ರಿಕದ ಎ. ಬಿ. ಡಿ ವಿಲಿಯರ್ಸ್ ಎಂಬ ದಾಂಡಿಗನನ್ನು ನಮ್ಮ ನಾಡಿಗೆ ಪರಿಚಯಿಸಿಕೊಡಬೇಕಾಗಿಲ್ಲ. 2011ರಿಂದ 2021ರವರೆಗೆ ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡಕ್ಕೆ ಆಡಿದ ಅವನನ್ನು ಕನ್ನಡಿಗರು ಮನೆಯ ಮಗನಂತೆ ಕಂಡರು. 2015ರ ನವೆಂಬರಿನಲ್ಲಿ ತನ್ನ ನೂರನೆಯ ಟೆಸ್ಟ್ ಪಂದ್ಯವನ್ನು ಆಡಲು ಬೆಂಗಳೂರಿಗೆ ಬಂದಾಗ ಅವನು ಭಾರತದ ಎದುರಾಳಿಯಾಗಿದ್ದನು. ಆದರೂ ಚಿನ್ನಸ್ವಾಮಿ ಕ್ರೀಡಾಂಗಣವು ಅವನ ಹೆಸರನ್ನೇ ಕೂಗಿತು. ಅವನು 85 ಓಟಗಳನ್ನು ಗಳಿಸಿದನು. ಇಂಥವನ ಸುತ್ತ ಒಂದು ಪುರಾಣವೇ ಬೆಳೆದಿತ್ತು. ಹಾಕಿಯ ರಾಷ್ಟ್ರೀಯ ತಂಡಕ್ಕೆ ಅವನ ಹೆಸರು ಹೋಗಿತ್ತಂತೆ, ಈಜಿನಲ್ಲಿ ಆರು ದಾಖಲೆಗಳಿದ್ದುವಂತೆ, 100 ಮೀಟರ್ ಓಟದಲ್ಲಿ ಅವನನ್ನು ಹಿಡಿಯುವವರಿರಲಿಲ್ಲವಂತೆ, ವಿಜ್ಞಾನದ ಪ್ರಯೋಗವೊಂದಕ್ಕೆ ನೆಲ್ಸನ್ ಮಂಡೇಲಾ ಅವರ ಕೈಯಿಂದ ಪದಕವೂ ಬಂದಿತ್ತಂತೆ! ಚಿತ್ತಾಪುರದ ಹುಡುಗನು ಇದನ್ನೆಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದನು.

"ಹತ್ತು ಕಟ್ಟೋ ಕಡಿ ಒಂದು ಮುತ್ತು ಕಟ್ಟು ಅಂತಾರ್ರಿ" ಎಂದು ವಾಡಿಯ ಹುಡುಗನು ಅಡ್ಡ ಹಾಕಿದನು. ಅವನ ಪಕ್ಷವೆಂದರೆ, ಹತ್ತು ಆಟ ಬಲ್ಲವನು ಕ್ರೀಡಾಕೂಟದ ವೀರ. ಒಂದನ್ನೇ ಹಿಡಿದು ಸವೆಸಿದವನು ಮಾತ್ರ ಶ್ರೇಷ್ಠ. ಆಚೆ ಚಿಂಚೋಳಿಯ ಬಸ್ಸಿಗೆ ಹೊರಟು ನಿಂತಿದ್ದ ಹುಡುಗಿಯೊಬ್ಬಳು, ಎದುರು ಕಾಲೇಜಿನವಳು, ಮೆಲ್ಲಗೆ ಕೇಳಿದಳು: "ಗಂಡಸರ ಹೆಸರೇ ಯಾಕ್ರಿ ಸರ್ ಬರ್ತಾವ?" ಅಮೆರಿಕದ ಬೇಬ್ ಡಿಡ್ರಿಕ್‌ಸನ್ ಎಂಬಾಕೆಯ ಹೆಸರನ್ನು ಅವಳೇ ಹೇಳಿದಳು. ಆಕೆ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನಲ್ಲಿ ಈಟಿ ಎಸೆತದಲ್ಲಿಯೂ 80 ಮೀಟರ್ ಹರ್ಡಲ್ಸ್ ಓಟದಲ್ಲಿಯೂ ಚಿನ್ನ ಗೆದ್ದು, ಎತ್ತರ ಜಿಗಿತದಲ್ಲಿ ಬೆಳ್ಳಿ ಪಡೆದು, ಆಮೇಲೆ ಗಾಲ್ಫ್ ಕೋಲನ್ನು ಹಿಡಿದು ಅಮೆರಿಕದ ಮಹಿಳಾ ಓಪನ್ ಪ್ರಶಸ್ತಿಯನ್ನು 1948, 1950 ಮತ್ತು 1954ರಲ್ಲಿ, ಮೂರು ಬಾರಿ ಗೆದ್ದವಳು. ಹುಡುಗರು ಒಂದು ನಿಮಿಷ ಸುಮ್ಮನಾದರು. ಅಷ್ಟರಲ್ಲಿ ಬಸ್ಸು ಬಂದು ಆ ಹುಡುಗಿ ಹೊರಟುಹೋದಳು. ಅವಳು ಇನ್ನಷ್ಟು ಹೊತ್ತು ಇದ್ದಿದ್ದರೆ ಚರ್ಚೆಯು ಬೇರೆ ದಿಕ್ಕು ಹಿಡಿಯುತ್ತಿತ್ತು ಎಂದು ಈಗಲೂ ಅನಿಸುತ್ತದೆ.

ನಾವು ರೈಲು ಹತ್ತಿದೆವು. ನಾನು ಬಾಯಿ ತೆರೆದದ್ದು ಅಲ್ಲಿ. ತೆರೆದು ಚಿತ್ತಾಪುರದ ಹುಡುಗನ ಮನಸ್ಸನ್ನು ನೋಯಿಸಿದೆ. ಆ ಪುರಾಣವನ್ನು ಕೆಡವಿದವನು ಬೇರೆ ಯಾರೂ ಅಲ್ಲ, ಸ್ವತಃ ಡಿ ವಿಲಿಯರ್ಸ್. 2016ರಲ್ಲಿ ಹೊರಬಂದ ತನ್ನ ಆತ್ಮಕಥೆಯಲ್ಲಿ ಅವನು ಈ ಕಥೆಗಳನ್ನು ಒಂದೊಂದಾಗಿ ಎತ್ತಿಕೊಂಡು ಸುಳ್ಳೆಂದು ಹೇಳಿದ್ದಾನೆ. ಹಾಕಿಯನ್ನು ಅವನು ಶಾಲೆಯಲ್ಲಿ ಆಡಿದ್ದು ಒಂದೇ ವರ್ಷ. ಈಜಿನ ದಾಖಲೆಯೆಂದರೆ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳ ಸ್ಪರ್ಧೆಯದು. ಮಂಡೇಲಾ ಅವರ ಪದಕವಂತೂ ಬರಿಯ ಕಟ್ಟುಕಥೆ. ಟೆನಿಸ್ ಮತ್ತು ರಗ್ಬಿಗಳನ್ನು ಮಾತ್ರ ಚೆನ್ನಾಗಿ ಆಡುತ್ತಿದ್ದುದು ನಿಜ.

"ಹಂಗಾದ್ರ ಅವ ದೊಡ್ಡಾಂವ ಅಲ್ಲೇನ್ರಿ?" ಎಂದನು ಹುಡುಗ.

ದೊಡ್ಡವನೇ. ಆದರೆ ಅವನ ದೊಡ್ಡತನವನ್ನು ನಾನು ಬೇರೊಂದು ಕಡೆ ಕಾಣುತ್ತೇನೆ. 2015ರ ಜನವರಿ 18ರಂದು ಜೊಹಾನ್ಸ್‌ಬರ್ಗಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವನು 31 ಎಸೆತಗಳಲ್ಲಿ ನೂರು ಓಟ ಗಳಿಸಿದನು. ಔಟಾಗುವ ಹೊತ್ತಿಗೆ 44 ಎಸೆತಗಳಲ್ಲಿ 149. ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಟೆಸ್ಟ್ ಪಂದ್ಯ. ಗೆಲ್ಲಲು 481 ಓಟಗಳು ಬೇಕು, ಗೆಲುವಿನ ಆಸೆಯಿಲ್ಲ, ಉಳಿಸಿಕೊಂಡರೆ ಸಾಕು. ಅದೇ ಮನುಷ್ಯ, ಅದೇ ಕೈ, ಅದೇ ಕಣ್ಣು: 297 ಎಸೆತಗಳನ್ನು ಎದುರಿಸಿ 43 ಓಟ! ಹೊಡೆಯಬಲ್ಲ ಚೆಂಡನ್ನು ಹೊಡೆಯದೆ ಬಿಡುವುದು, ಗಂಟೆಗಟ್ಟಲೆ ಬಿಡುವುದು. ಕೊನೆಗೆ ತಂಡವು ಸೋತಿತು. 31 ಎಸೆತಗಳ ಶತಕವನ್ನು ನೋಡಿ ಹುಟ್ಟು ಪ್ರತಿಭೆಯೆಂದು ಬಾಯಿ ತೆರೆದವರು ಈ 297 ಎಸೆತಗಳನ್ನು ನೋಡಿ ಬೇಸರದಿಂದ ಎದ್ದುಹೋಗಿರಬಹುದು. ನನ್ನ ಮಟ್ಟಿಗೆ ಮೊದಲನೆಯದನ್ನು ಅರ್ಥ ಮಾಡಿಸುವುದು ಎರಡನೆಯದು.

ಇಷ್ಟು ಹೇಳುವಾಗ ಬಂಡಿಯು ಮಳಖೇಡ ರೋಡ್ ನಿಲ್ದಾಣದಲ್ಲಿ ನಿಂತಿತು. ಕನ್ನಡದ ಅಧ್ಯಾಪಕನು ಅಲ್ಲಿ ಬಾಯಿ ಮುಚ್ಚಿಕೊಂಡು ಕೂರುವುದು ಹೇಗೆ? ಕಾಗಿಣಾ ನದಿಯ ದಡದ ಆ ಊರೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಹುಟ್ಟಿದ ಸ್ಥಳ. ಓದು ಬರಹವಿಲ್ಲದೆಯೂ ಈ ನಾಡಿನ ಜನರು ಕಾವ್ಯದಲ್ಲಿ ನಿಪುಣರೆಂದು ಆ ಗ್ರಂಥವು ಹೆಮ್ಮೆಯಿಂದ ಹೇಳುತ್ತದೆ. ಹುಟ್ಟು ಪ್ರತಿಭೆಯನ್ನು ನಮ್ಮಷ್ಟು ಹಿಂದೆ ಹೊಗಳಿದವರು ಅಪರೂಪ. ಆದರೆ ಹಾಗೆ ಹೊಗಳಿದ ಗ್ರಂಥವೇ ಪುಟಪುಟಗಳಲ್ಲಿ ದೋಷಗಳನ್ನು, ಗುಣಗಳನ್ನು, ಅಲಂಕಾರಗಳನ್ನು ಬಿಡಿಸಿ ಕಲಿಸುತ್ತದೆಯಲ್ಲ, ಯಾರಿಗಾಗಿ? ಅದಕ್ಕೆ ಮಾದರಿಯಾದ ದಂಡಿಯು ಸಹಜ ಪ್ರತಿಭೆ, ವಿದ್ಯೆ, ಅಭ್ಯಾಸ ಮೂರನ್ನೂ ಕಾವ್ಯಕ್ಕೆ ಕಾರಣವೆನ್ನುತ್ತಾನೆ. ಪ್ರತಿಭೆ ಇಲ್ಲದಿದ್ದರೂ ಶ್ರಮಪಟ್ಟು ಸೇವಿಸಿದವನಿಗೆ ವಾಗ್ದೇವಿಯು ಅಷ್ಟಿಷ್ಟು ಅನುಗ್ರಹ ಮಾಡಿಯೇ ಮಾಡುತ್ತಾಳೆಂದು ಧೈರ್ಯವನ್ನೂ ಕೊಡುತ್ತಾನೆ. ಆಮೇಲೆ ಬಂದ ಮಮ್ಮಟನು ಇನ್ನೂ ಬಿಗಿ. ಶಕ್ತಿ, ನಿಪುಣತೆ, ಅಭ್ಯಾಸಗಳು ಮೂರು ಕಾರಣಗಳಲ್ಲ, ಮೂರೂ ಸೇರಿ ಒಂದೇ ಕಾರಣ ಎಂದು ಏಕವಚನವನ್ನೇ ಬಳಸುತ್ತಾನೆ. ಹುಡುಗರು ಆಕಳಿಸಿದರು. ಅವರನ್ನು ದೂರಲಾರೆ.

ನಿದ್ದೆ ಬಿಡಿಸಿದವರು ಹಾದಿಯವರು. ನಾವು ಕುಳಿತಿದ್ದ ರೈಲುದಾರಿಯು ವಾಡಿಯಿಂದ ಚಿತ್ತಾಪುರ, ಸೇಡಂಗಳ ಮೇಲೆ ಹಾಯ್ದು ಸಿಕಂದರಾಬಾದಿಗೆ ಹೋಗುತ್ತದೆ. 1874ರಲ್ಲಿ ನಿಜಾಮರ ಸಂಸ್ಥಾನದಲ್ಲಿ ತೆರೆದ ದಾರಿ. 1956ರವರೆಗೂ ನಮ್ಮ ಈ ಐದು ಊರುಗಳು ಹೈದರಾಬಾದ್ ರಾಜ್ಯಕ್ಕೇ ಸೇರಿದ್ದುವು. ಹೀಗಾಗಿ ಸೈಯದ್ ಮೊಹಮ್ಮದ್ ಹಾದಿಯವರನ್ನು ನಮ್ಮ ಅಜ್ಜಂದಿರ ಕಾಲದ ಆಟಗಾರರೆನ್ನಲು ಅಡ್ಡಿಯಿಲ್ಲ. ಹಾದಿ ಎಂದರೆ ಅರಬ್ಬಿಯಲ್ಲಿ ದಾರಿ ತೋರುವವನು, ಕನ್ನಡದಲ್ಲಿ ದಾರಿಯೇ!

1899ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಇವರು ಕೇಂಬ್ರಿಜ್‌ನಲ್ಲಿ ಓದಿದರು. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಟೆನಿಸ್ ತಂಡದಲ್ಲಿದ್ದರು. ಡೇವಿಸ್ ಕಪ್ಪಿನಲ್ಲಿಯೂ ಭಾರತಕ್ಕಾಗಿ ಆಡಿದರು. ರಣಜಿ ಟ್ರೋಫಿಯು ಆರಂಭವಾದ 1934–35ರ ಮೊದಲ ವರ್ಷದಲ್ಲಿ, ತಮ್ಮ 35ನೆಯ ವಯಸ್ಸಿನಲ್ಲಿ, ಹೈದರಾಬಾದಿನ ಪರವಾಗಿ ಮದರಾಸಿನ ವಿರುದ್ಧ ಔಟಾಗದೆ 132 ಓಟ ಗಳಿಸಿದರು. ಆ ಪಂದ್ಯಾವಳಿಯ ಇತಿಹಾಸದಲ್ಲಿಯೇ ಅದು ಮೊದಲ ಶತಕ. ಕ್ರಿಕೆಟ್, ಟೆನಿಸ್, ಹಾಕಿ, ಫುಟ್‌ಬಾಲ್, ಟೇಬಲ್ ಟೆನಿಸ್, ಚದುರಂಗ, ಪೋಲೋ: ಏಳು ಆಟಗಳು, ಕಾಮನಬಿಲ್ಲಿಗೆ ಏಳು ಬಣ್ಣಗಳು. ಅದಕ್ಕೇ ಜನರು 'ರೇನ್‌ಬೋ ಹಾದಿ' ಎಂದು ಕರೆದರು. ಟೆಸ್ಟ್ ಪಂದ್ಯವನ್ನು ಮಾತ್ರ ಒಂದನ್ನೂ ಆಡಲಿಲ್ಲ. 1971ರಲ್ಲಿ ತೀರಿಕೊಂಡರು.

ಇದು ಪುರಾಣವಲ್ಲ, ದಾಖಲೆ. ಚಿತ್ತಾಪುರದ ಹುಡುಗನ ಮುಖವು ಅರಳಿತು. ಆದರೆ ವಾಡಿಯವನು ಬಿಡಲಿಲ್ಲ: "ಏಳರಾಗ ಒಂದನ್ನ ಹಿಡದಿದ್ರ ಟೆಸ್ಟ್ ಆಡ್ತಿದ್ರೋ ಇಲ್ಲೋ?" ಬಂಡಿಯು ಚಿತ್ತಾಪುರಕ್ಕೆ ಬಂದಿತು. ಇಳಿದ ಹುಡುಗನು ಕಿಟಕಿಯ ಪಕ್ಕದಲ್ಲಿ ಓಡುತ್ತಲೇ "ಆಡ್ಲಿಲ್ಲಂದ್ರೂ ದೊಡ್ಡವರೇ ಸರ್!" ಎಂದು ಕೂಗಿ ಹಿಂದೆ ಉಳಿದನು.

ಶಹಾಬಾದಿನ ಹುಡುಗನು ಅಲ್ಲಿಯವರೆಗೆ ಮಾತೇ ಆಡಿರಲಿಲ್ಲ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಪೋಲೋಕ್ಕ ಕುದುರಿ ಯಾರು ಕೊಡ್ಸಿದ್ರಿ ಸರ್?"

ಇಡೀ ಚರ್ಚೆಯಲ್ಲಿ ನನಗೆ ಹೊಳೆಯದೆ ಇದ್ದುದನ್ನು ಅವನು ಹಿಡಿದಿದ್ದನು. ಕುದುರೆಯಿಲ್ಲದೆ ಪೋಲೋ ಇಲ್ಲ. ಹುಲ್ಲಿನ ಅಂಗಳವಿಲ್ಲದೆ ಆ ಕಾಲದ ಟೆನಿಸ್ ಇಲ್ಲ. ಹಡಗಿನ ಖರ್ಚಿಲ್ಲದೆ ಕೇಂಬ್ರಿಜ್ ಇಲ್ಲ. ಹಾದಿಯವರ ಕೈಗೆ ಬಂದ ಆಟಗಳೆಲ್ಲ ಅವರ ಕಣ್ಣೆದುರಿಗೂ ಬಂದಿದ್ದುವು. ಅದೇ ವರ್ಷಗಳಲ್ಲಿ ಶಹಾಬಾದಿನ ಗಣಿಯಲ್ಲಿ ಪರಸಿ ಕಲ್ಲು ಸೀಳುತ್ತಿದ್ದವರಲ್ಲಿ ಎಂಟು ಆಟ ಬಲ್ಲವನೊಬ್ಬನು ಇದ್ದಿರಬಹುದು. ಅವನು ಅವುಗಳಲ್ಲಿ ಏಳನ್ನು ನೋಡಿಯೇ ಇರಲಾರನು. ಇದರಿಂದ ಹಾದಿಯವರ ಹಿರಿಮೆಯು ಕಡಿಮೆಯಾಗುವುದಿಲ್ಲ. ಕುದುರೆ ಇದ್ದವರು ಸಂಸ್ಥಾನದಲ್ಲಿ ಬಹಳ ಮಂದಿ. ಏಳು ಬಣ್ಣದವರು ಅವರೊಬ್ಬರೇ.

ವಾಡಿಯಲ್ಲಿ ಇಳಿದು ಶಹಾಬಾದಿನ ಕಡೆಯ ಬಂಡಿಗಾಗಿ ಕಾಯುತ್ತ ಕುಳಿತೆವು. ಆಗ ವಾಡಿಯ ಹುಡುಗನಿಗೆ ಉತ್ತರವಾಗಿ ಮದರಾಸಿನ ಎಂ. ಜೆ. ಗೋಪಾಲನ್ ಅವರ ಕಥೆಯನ್ನು ಹೇಳಿದೆ. 1934ರ ನವೆಂಬರ್ 4ರಂದು ಮದರಾಸಿನಲ್ಲಿ, ಮೈಸೂರಿನ ವಿರುದ್ಧ, ರಣಜಿ ಟ್ರೋಫಿಯ ಮೊತ್ತಮೊದಲ ಚೆಂಡನ್ನು ಎಸೆದವರು ಅವರು. ಹಾಕಿಯಲ್ಲಿಯೂ ಅಷ್ಟೇ ಗಟ್ಟಿಗರು. 1935ರಲ್ಲಿ ಭಾರತದ ಹಾಕಿ ತಂಡದೊಡನೆ ನ್ಯೂಜಿಲೆಂಡಿಗೆ ಹೋಗಿಬಂದವರು. 1936ರಲ್ಲಿ ಎರಡು ಹಡಗುಗಳು ಅವರನ್ನು ಕರೆದುವು: ಒಂದು ಬರ್ಲಿನ್ ಒಲಿಂಪಿಕ್ಸಿಗೆ ಹಾಕಿಗಾಗಿ, ಇನ್ನೊಂದು ಇಂಗ್ಲೆಂಡಿಗೆ ಕ್ರಿಕೆಟ್ಟಿಗಾಗಿ. ಅವರು ಕ್ರಿಕೆಟ್ಟನ್ನು ಹಿಡಿದರು. ಇಂಗ್ಲೆಂಡಿನಲ್ಲಿ ಒಂದು ಟೆಸ್ಟಿನಲ್ಲಿಯೂ ಅವರಿಗೆ ಅವಕಾಶ ಸಿಗಲಿಲ್ಲ. ಧ್ಯಾನಚಂದರ ಹಾಕಿ ತಂಡವು ಬರ್ಲಿನ್ನಿನಿಂದ ಚಿನ್ನ ತಂದಿತು. "ಒಂದನ್ನೇ ಹಿಡಿ ಅನ್ನುತ್ತೀಯಲ್ಲ, ಯಾವುದನ್ನು ಎಂದು ಯಾರು ಹೇಳಬೇಕು?" ಎಂದೆ.

ಕೇಳಿದವನು ನಾನಾದರೂ ಚುಚ್ಚಿಸಿಕೊಂಡವನೂ ನಾನೇ. ಕೆಲವು ವರ್ಷಗಳ ಹಿಂದೆ ಇಂಥದೇ ಇನ್ನೊಬ್ಬ ಹುಡುಗನಿದ್ದನು. ಓಟದಲ್ಲಿ ಚಿಗರೆ, ವಾಲಿಬಾಲ್ ಆಟದಲ್ಲಿಯೂ ಜಾಣ, ಕ್ರಿಕೆಟ್ಟನ್ನೂ ಆಡುತ್ತಿದ್ದನು. ಸಲಹೆ ಕೇಳಲು ಬಂದವನಿಗೆ, ಹಣವಿರುವುದು ಕ್ರಿಕೆಟ್ಟಿನಲ್ಲಿ, ಉಳಿದುದನ್ನೆಲ್ಲ ಬಿಡು ಎಂದು ನಾನು ಬಲ್ಲವನಂತೆ ಹೇಳಿದೆ. ಅವನು ಬಿಟ್ಟನು. ಎರಡು ವರ್ಷ ಊರಿಂದೂರಿಗೆ ಆಯ್ಕೆಗೆ ಓಡಾಡಿ, ಎಲ್ಲಿಯೂ ನಿಲ್ಲದೆ, ಈಗ ಸಿಮೆಂಟ್ ಚೀಲಗಳನ್ನು ಲಾರಿಗೆ ಎಣಿಸಿ ಹಾಕಿಸುವ ಕೆಲಸದಲ್ಲಿದ್ದಾನೆ. ಕಂಡಾಗ ನಮಸ್ಕಾರ ಮಾಡುತ್ತಾನೆ. ಆ ನಮಸ್ಕಾರವನ್ನು ತಪ್ಪಿಸಿಕೊಳ್ಳಲು ನಾನು ಒಮ್ಮೆ ರಸ್ತೆಯ ಆಚೆ ಬದಿಗೆ ದಾಟಿದ್ದೇನೆ.

ಅಷ್ಟರಲ್ಲಿ ಹುಡುಗನ ತಂದೆ ನಮ್ಮನ್ನು ಹುಡುಕಿಕೊಂಡು ಬಂದರು. ಆ ದಿನ ವಾಡಿಯಲ್ಲಿ ಪರಸಿ ಕಲ್ಲು ಇಳಿಸುವ ಕೂಲಿಗೆ ಬಂದಿದ್ದು, ಮಗನೊಡನೆಯೇ ಊರಿಗೆ ಮರಳುವವರು. ತಲೆಗೆ ಸುತ್ತಿದ ಟವೆಲಿನ ಮೇಲೆ ಕಲ್ಲಿನ ಬೂದುಬಣ್ಣದ ಧೂಳು. ಪದಕಗಳನ್ನು ಒಂದೊಂದಾಗಿ ಅಂಗೈಯಲ್ಲಿ ತೂಗಿ ನೋಡಿ, ಮಗನ ಕೈಗೆ ಹಿಂದಕ್ಕೆ ಕೊಟ್ಟು, ನನ್ನ ಕಡೆ ತಿರುಗಿದರು.

"ಸಾರ್, ನೀವು ಓದಿದವ್ರು. ಇವ ಯಾವ ಆಟ ಹಿಡೀಲಿ ಹೇಳ್ರಿ. ಎಲ್ಲಾ ಆಡ್ಕೋತ ಕುಂತ್ರ ನಮ್ಮಂಥೋರಿಗಿ ನಡೀತದೇನ್ರಿ?"

ವಾಡಿಯ ಹುಡುಗನೂ ನನ್ನ ಮುಖವನ್ನೇ ನೋಡುತ್ತಿದ್ದನು. ದಂಡಿ, ಮಮ್ಮಟರು ಸಹಾಯಕ್ಕೆ ಬರಲಿಲ್ಲ.

ಡಿಗ್ರಿ ಮುಗಿಯಲು ಇನ್ನೂ ಎರಡು ವರ್ಷಗಳಿವೆ, ಅಲ್ಲಿಯವರೆಗೆ ಎಲ್ಲವನ್ನೂ ಆಡಲಿ ಎಂದೆ. ಓಟದ ಸಮಯವನ್ನು ಪ್ರತಿ ತಿಂಗಳೂ ಗಡಿಯಾರ ಹಿಡಿದು ಬರೆದಿಡುತ್ತೇವೆ, ಕಬಡ್ಡಿಯ ಲೆಕ್ಕವನ್ನೂ ಇಡುತ್ತೇವೆ. ಕಲಬುರಗಿಯಲ್ಲಿ ತಿಳಿದ ತರಬೇತುದಾರರೊಬ್ಬರಿಗೆ ಅದನ್ನು ತೋರಿಸೋಣ, ಬಿಡುವುದೇನಿದ್ದರೂ ಆಮೇಲೆ, ಬಿಡುವವನೂ ಅವನೇ ಆಗಲಿ ಎಂದೆ. ಪದವಿಯನ್ನು ಮಾತ್ರ ಯಾವ ಆಟಕ್ಕೂ ಬಿಡಬಾರದು ಎಂದು ಸೇರಿಸಿದೆ. ಅವರು ಬಹಳ ಹೊತ್ತು ಯೋಚಿಸಿದರು. ನನ್ನ ಉತ್ತರ ಅವರಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ಹೇಳಲಾರೆ.

"ಮತ್ತ ಈಗ ಏನ್ ಬೇಕ್ರಿ ಅವಂಗ?"

"ಮೊದಲು ಬೂಟು" ಎಂದೆ. "ಇವತ್ತು ಬರಿಗಾಲಲ್ಲಿ ಹಾರಿದ್ದಾನೆ."

ಅಂಗಡಿಯ ಅಳತೆಯ ನಂಬರು ತಂದೆಗೂ ತಿಳಿಯದು, ಮಗನಿಗೂ ತಿಳಿಯದು. ತಂದೆಯು ಅಂಗಿಯ ಜೇಬಿನಿಂದ ಕಲ್ಲಿಗೆ ಗುರುತು ಹಾಕುವ ಸುಣ್ಣದ ಕಡ್ಡಿಯನ್ನು ತೆಗೆದರು. ನನ್ನ ಕೈಯಲ್ಲಿದ್ದ ಪತ್ರಿಕೆಯನ್ನು ಕೇಳಿ ಪಡೆದು ಪ್ಲಾಟ್‌ಫಾರಮ್ಮಿನ ಕಲ್ಲಿನ ಮೇಲೆ ಹಾಸಿ, "ಕಾಲಿಡೋ" ಎಂದರು. ಹುಡುಗನು ನಾಚುತ್ತ ಕಾಲಿಟ್ಟನು. ಕಲ್ಲು ಸೀಳುವ ಮುನ್ನ ಗೆರೆ ಎಳೆಯುವವರ ಎಚ್ಚರದಿಂದ ಅವರು ಹಿಮ್ಮಡಿಯಿಂದ ಹೆಬ್ಬೆರಳಿನವರೆಗೆ ಸುತ್ತ ಗೆರೆ ಎಳೆದರು. ಆಮೇಲೆ ಬೆರಳ ತುದಿಯ ಮುಂದೆ ಒಂದು ಅಂಗುಲ ಜಾಗ ಬಿಟ್ಟು ಇನ್ನೊಂದು ಗೆರೆ ಎಳೆದು, "ಇನ್ನೂ ಬೆಳೀತಾನ್ರಿ" ಎಂದು ಪತ್ರಿಕೆಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು.