ಮನಸ್ಸಿನ ಆಳ

ಕುಮಟಾ ತಾಲೂಕಿನ ಗೋಕರ್ಣದ ದಕ್ಷಿಣಕ್ಕೆ ಓಂ ಬೀಚ್ ಎಂಬ ಕಡಲತೀರವಿದೆ. ಅಕ್ಕಪಕ್ಕದ ಎರಡು ಕಿರುಕೊಲ್ಲಿಗಳು ಬಂಡೆಗಳ ಬಳಿ ಕೂಡಿ ಓಂಕಾರದ ಆಕಾರ ತಳೆದಿರುವುದರಿಂದ ಅದಕ್ಕೆ ಆ ಹೆಸರು. ಭರತದ ವೇಳೆ ಅಲ್ಲಿನ ತಗ್ಗಿನ ಬಂಡೆಗಳು ನೀರಿನಲ್ಲಿ ಮುಳುಗುತ್ತವೆ. ಇಳಿತದಲ್ಲಿ ಮತ್ತೆ ತಲೆಯೆತ್ತುತ್ತವೆ. ಕಾಣದಿದ್ದಾಗಲೂ ಅವು ಅಲೆಗಳನ್ನು ಒಡೆಯುತ್ತಲೇ ಇರುತ್ತವೆ. ಮನುಷ್ಯನ ಮನಸ್ಸಿನಲ್ಲಿಯೂ ಹೀಗೆ ಕಾಣದೆ ಕೆಲಸಮಾಡುವ ಭಾಗವೊಂದುಂಟೆಂದು ವಿವರವಾಗಿ ಪ್ರತಿಪಾದಿಸಿದವನು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ (1856–1939).

ಈ ಭಾಗವನ್ನು ಕನ್ನಡದಲ್ಲಿ ಸುಪ್ತಚಿತ್ತವೆನ್ನಬಹುದು. ಫ್ರಾಯ್ಡನ ಪ್ರಕಾರ ಲಜ್ಜೆ, ಭಯ, ದುಃಖಗಳಿಂದ ಮನಸ್ಸು ಒಳಕ್ಕೆ ಅದುಮಿದ ಬಯಕೆಗಳೂ ನೆನಪುಗಳೂ ಅಳಿದುಹೋಗುವುದಿಲ್ಲ. ಕನಸಿನಲ್ಲಿ, ಬಾಯಿತಪ್ಪಿ ಬಂದ ಮಾತಿನಲ್ಲಿ, ಅಕಾರಣವೆಂದು ತೋರುವ ಅಂಜಿಕೆಯಲ್ಲಿ ಅವು ವೇಷ ಬದಲಿಸಿಕೊಂಡು ಹೊರಬರುತ್ತವೆ. 1923ರಲ್ಲಿ ಅವನು ವ್ಯಕ್ತಿತ್ವವನ್ನು ಮೂರಾಗಿ ವಿಂಗಡಿಸಿದನು: ಬೇಕೆಂದುದು ಈಗಲೇ ಬೇಕೆನ್ನುವ ‘ಇಡ್’, ಹಿರಿಯರ ವಿಧಿನಿಷೇಧಗಳನ್ನು ಒಳಗೆ ಕುಳಿತು ನುಡಿಯುವ ‘ಸೂಪರ್ ಈಗೊ’, ಇವೆರಡನ್ನೂ ಹೊರಲೋಕದೊಡನೆ ಸರಿದೂಗಿಸುವ ‘ಈಗೊ’. ಪರರ ತೋಟದಲ್ಲಿ ಮಾವಿನ ಹಣ್ಣನ್ನು ಕಂಡ ಹುಡುಗನ ಕೈ ತಾನಾಗಿ ಮುಂದಾಗುತ್ತದೆ. ಕದಿಯಬಾರದೆಂದು ಒಳದನಿ ಗದರಿಸುತ್ತದೆ. ಕೇಳಿ ಪಡೆಯೋಣವೆಂದು ವಿವೇಕ ದಾರಿ ಹುಡುಕುತ್ತದೆ. ಇಂತಹ ಹೊಯ್ದಾಟದ ಬಹುಪಾಲು ಅರಿವಿಗೆ ಬಾರದೆಯೇ ನಡೆಯುತ್ತದೆಂಬುದು ಫ್ರಾಯ್ಡನ ಮತ.

ಈ ವಿಚಾರ ಭಾರತಕ್ಕೂ ಬೇಗನೆ ಬಂದಿತು. 1922ರಲ್ಲಿ ಗಿರೀಂದ್ರಶೇಖರ ಬೋಸರು ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಕನ್ನಡದಲ್ಲಿ ‘ರಾಶಿ’ ಎಂದು ಹೆಸರಾದ ಡಾ. ಎಂ. ಶಿವರಾಂ ಅವರು ಮನಸ್ಸಿನ ವ್ಯಾಪಾರಗಳನ್ನು ಕುರಿತು ಬರೆದರು. ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಗೋಕರ್ಣಕ್ಕೆ ಸಮೀಪದ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಇದೇ ಒಳಲೋಕವನ್ನು ಕಥೆಯಾಗಿಸಿದರು. ಅವರ ‘ಶಿಕಾರಿ’ (1979) ಕಾದಂಬರಿಯ ನಾಗಪ್ಪ ಮುಂಬಯಿಯ ಕಂಪೆನಿಯೊಂದರ ಅಧಿಕಾರಿ. ಹಠಾತ್ತನೆ ಕೆಲಸದಿಂದ ಅಮಾನತುಗೊಂಡ ಅವನು ಹೊರಗಿನ ಶತ್ರುಗಳನ್ನು ಹುಡುಕುತ್ತ ಹೋದಂತೆ, ಬಾಲ್ಯದಿಂದ ತನ್ನೊಳಗೆ ಹುದುಗಿದ್ದ ಭಯಗಳನ್ನೂ ಎದುರಿಸಬೇಕಾಗುತ್ತದೆ.

ಫ್ರಾಯ್ಡನ ಎಲ್ಲ ಮಾತುಗಳನ್ನೂ ಇಂದಿನ ಮನಶ್ಶಾಸ್ತ್ರ ಒಪ್ಪುವುದಿಲ್ಲ. ಅವುಗಳಲ್ಲಿ ಹಲವನ್ನು ಪ್ರಯೋಗದಿಂದ ಪರೀಕ್ಷಿಸುವುದು ಕಷ್ಟ. ಅವನ ನಿರ್ಣಯಗಳಿಗೆ ಆಧಾರವಾದ ರೋಗಿಗಳೂ ಕೆಲವರೇ. ಆದರೂ ಮನಸ್ಸಿನ ಬಹಳಷ್ಟು ವ್ಯಾಪಾರ ಅರಿವಿನ ಹೊರಗೆ ನಡೆಯುತ್ತದೆಂಬುದನ್ನು ವಿದ್ವಾಂಸರು ಅಲ್ಲಗಳೆಯುವುದಿಲ್ಲ. ಇದನ್ನು ಅರಿತವನು ಮನೋರೋಗಿಯನ್ನು ಕಂಡು ನಗಲಾರ, ದೆವ್ವ ಹಿಡಿದಿದೆಯೆಂದು ದೂರ ಸರಿಯಲಾರ. ವೈದ್ಯರ ಬಳಿಗೆ ಕರೆದೊಯ್ಯುತ್ತಾನೆ. ತನ್ನ ಸಿಟ್ಟು ಅಸೂಯೆಗಳಿಗೂ ಸದಾ ಪರರನ್ನೇ ದೂರದೆ, ಅವುಗಳ ಬೇರನ್ನು ತನ್ನಲ್ಲಿಯೂ ಹುಡುಕುತ್ತಾನೆ.